ಕಾಶವ್ವನ ಆಗಬೋಟಿ ಪರೀಕ್ಷೆ

ಬೀಗರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಹಿರಿಯರು ಹೇಳುತ್ತಿದ್ದರು. ಆ ಹಿರಿಯರಿಗೆ ಬೆಳಗಾವಿಯ ಹಿಂದವಾಡಿಯ ಕಾಶವ್ವ ಬೀಗತಿಯಾಗಿ ಸಿಕ್ಕಿರಲಿಲ್ಲ. ನನಗೆ ಸಿಕ್ಕಿದ್ದಳು, ಆದ್ದರಿಂದ ಆಡುತ್ತೇನೆ.

ಕಾಂತಾ ನನ್ನ ತಂಗಿಯ ಮಗಳು. ತಂಗಿ ಬೇಗ ತೀರಿಕೊಂಡಳು. ಅವಳ ಗಂಡ ವರ್ಷ ತುಂಬುವುದರೊಳಗೆ ಇನ್ನೊಬ್ಬಳನ್ನು ಕಟ್ಟಿಕೊಂಡು ಧಾರವಾಡ ಸೇರಿದ. ಕೂಸು ಖಾನಾಪುರದಲ್ಲಿ ನನ್ನ ಮಡಿಲಿಗೆ ಬಿತ್ತು. ನಮ್ಮ ಮನೆಯವರದು ಹಂಚಿನ ಭಟ್ಟಿ. ಮಣ್ಣು ತುಳಿಯುವ ಅಂಗಳದಲ್ಲೇ ಆಡಿ ಬೆಳೆದ ಹುಡುಗಿ, ಜ್ವರ ನೆಗಡಿ ಎಂದು ಮಲಗಿದ್ದು ಕಂಡಿಲ್ಲ. ಅವಳಿಗೆ ಇದ್ದದ್ದು ಒಂದೇ ಕೊರತೆ. ಬಸ್ಸು ಹತ್ತಿದರೆ ವಾಂತಿ.

ಅಳಿಯ ಈರಣ್ಣ ಸರಕು ಹಡಗಿನಲ್ಲಿ ಎಂಜಿನಿಯರ. ಈ ಸಂಬಂಧ ಕುದುರಿದಾಗ ನಮ್ಮ ಓಣಿಯವರೆಲ್ಲ ಬಾಯಿ ತೆರೆದುಕೊಂಡು ನಿಂತರು. ಬೆಳಗಾವಿ ಜಿಲ್ಲೆಯಲ್ಲಿ ಹೊಲ ಇದ್ದವರಿದ್ದಾರೆ, ಅಂಗಡಿ ಇದ್ದವರಿದ್ದಾರೆ, ವಕೀಲರು ಮಾಸ್ತರರು ಗಲ್ಲಿಗೊಬ್ಬರು. ಸಮುದ್ರದ ಮೇಲೆ ಉದ್ಯೋಗ ಮಾಡುವ ವರ ಯಾರಿಗೆ ಸಿಕ್ಕಾನು? ಆರಡಿ ಆಳು, ದಪ್ಪ ಮೀಸೆ, ಕೈಯಲ್ಲಿ ಪರದೇಶದ ಗಡಿಯಾರ. ದೂರದಿಂದ ನೋಡಿದರೆ ಹುಲಿ. ಅವ್ವನ ಮುಂದೆ ನಿಂತರೆ ಮಾತ್ರ ಮಳೆಯಲ್ಲಿ ನೆನೆದ ಬೆಕ್ಕು. ಇದು ನಮಗೆ ಮದುವೆಯ ಅಕ್ಕಿಕಾಳು ಬಿದ್ದ ಮೇಲೆ ಗೊತ್ತಾಯಿತು.

ಮದುವೆ ಖಾನಾಪುರದಲ್ಲಿ ಆಯಿತು. ಮರುದಿನ ಮದುಮಕ್ಕಳನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹಿಂದವಾಡಿಗೆ ಹೊರಟೆವು. ದಾರಿಯಲ್ಲಿ ಮಚ್ಛೆ ಊರು ದಾಟುವುದರೊಳಗೆ ಕಾಂತಾ ರೇಷ್ಮೆ ಸೀರೆಯ ಸೆರಗು ಹಿಡಿದುಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಹಿಂದಿನ ಸೀಟಿನಲ್ಲಿದ್ದ ಕಾಶವ್ವ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ಆ ನೋಟವನ್ನು ಅವಳು ಹಾಗೇ ಮಡಚಿ ಟ್ರಂಕಿನಲ್ಲಿ ಇಟ್ಟುಕೊಂಡಳೆಂದು ಕಾಣುತ್ತದೆ. ಬೇಕಾದಾಗ ತೆಗೆದಳು.

ಎರಡು ತಿಂಗಳಿಗೆ ಈರಣ್ಣ ಹಡಗಿಗೆ ಹೋದ. ವರ್ಷದ ಹತ್ತಿರ ಬರಲಿಲ್ಲ. ಆ ಮನೆಯಲ್ಲಿ ಕಾಂತಾ ಹಿತ್ತಲ ಹೌದಿನಿಂದ, ಅಂದರೆ ತೊಟ್ಟಿಯಿಂದ, ನೀರು ಸೇದುವುದು, ರೊಟ್ಟಿ ಬಡಿಯುವುದು, ಕಾಶವ್ವನ ಕಾಲು ತಿಕ್ಕುವುದು. ಕಾಶವ್ವನೇನು ಮುದುಕಿಯಲ್ಲ. ಆಗ ಐವತ್ತರ ಆಸುಪಾಸು, ಕಲ್ಲು ತಿಂದರೂ ಅರಗಿಸುವ ದೇಹ. ಮನೆಯಲ್ಲಿ ಕೆಲಸದಾಕೆ ಇದ್ದಳು, ಟಿಳಕವಾಡಿಯಲ್ಲಿ ಮಗಳಿದ್ದಳು. ಸೊಸೆ ಬಂದ ವಾರಕ್ಕೇ ಕೆಲಸದಾಕೆಯನ್ನು ಬಿಡಿಸಿದಳು. ಮಾವ ಗುರುಪಾದಪ್ಪ ಕಚೇರಿಯಿಂದ ನಿವೃತ್ತನಾದವ. ಅವನ ಬಾಯಿಯಲ್ಲಿ ಹಲ್ಲೆಲ್ಲ ಇದ್ದವು, ಮಾತು ಮಾತ್ರ ಇರಲಿಲ್ಲ. ಪೇಪರು ಎತ್ತಿ ಮುಖಕ್ಕೆ ಹಿಡಿದರೆ ಊಟದ ಹೊತ್ತಿಗೇ ಇಳಿಸುತ್ತಿದ್ದ.

ಚುನಾವಣೆ ನಡೆದು ತುರ್ತು ಪರಿಸ್ಥಿತಿ ಮುಗಿದ ವರ್ಷ, ಬೇಸಿಗೆಯಲ್ಲಿ ಈರಣ್ಣ ರಜೆಗೆ ಬಂದ. ಬರುವಾಗ ಒಂದು ಸುದ್ದಿ ತಂದ. ಇನ್ನು ಮೇಲೆ ಅವನು ಹೆಂಡತಿಯನ್ನು ಹಡಗಿನಲ್ಲಿ ಜೊತೆಗೆ ಕರೆದುಕೊಂಡು ಹೋಗಬಹುದು. ಕಂಪನಿಯವರು ಒಪ್ಪಿದ್ದಾರೆ, ಇರಲು ಕೋಣೆ ಕೊಡುತ್ತಾರೆ. ಮೇ ತಿಂಗಳ ಕೊನೆಗೆ ಹಡಗು ಮುಂಬೈಯಿಂದ ಹೊರಡುತ್ತದೆ.

ಕಾಂತಾ ಖಾನಾಪುರಕ್ಕೆ ಬಂದು ನನ್ನ ಮುಂದೆ ಕುಳಿತು ಹೇಳಿದಳು. "ದೊಡ್ಡವ್ವ, ಈಗ ಹೋದ್ರ ಅವರ ಜೋಡಿ ಸಂಸಾರ ಮಾಡ್ತೀನಿ. ಹೋಗಲಿಲ್ಲಂದ್ರ ಆ ಹೌದಿನ ಜೋಡಿ ಮಾಡ್ತೀನಿ. ನನಗ ಹೋಗಬೇಕು."

ಅವಳ ಕೈ ನೋಡಿದೆ. ಬೆರಳ ಸಂದಿಯೆಲ್ಲ ಬಿರಿದಿತ್ತು.

ಅವಳನ್ನು ಕರೆದುಕೊಂಡು ಹಿಂದವಾಡಿಗೆ ಹೋದೆ. ಕಾಶವ್ವ ಚಹಾ ಕೊಟ್ಟಳು, ತಟ್ಟೆಯಲ್ಲಿ ಚೂಡಾ ಹಾಕಿದಳು, ಆಮೇಲೆ ಟ್ರಂಕು ತೆಗೆದಳು.

"ಖಾನಾಪುರ ಬಸ್ಸ ತಡಕೊಳ್ಳದಾಕಿ ಸಮುದ್ರ ತಡಕೋತಾಳೇನ್ರಿ ಬಾಳವ್ವಾ? ನಡೂ ನೀರಾಗ ಏನರ ಆತಂದ್ರ ಯಾರ ಹೊಣಿ? ನನ್ನ ಸೊಸಿ ಅಂತ ಕಾಳಜಿ, ಮತ್ತೇನಿಲ್ಲ."

"ನಿಮ್ಮ ಮಗಾ ಇರತಾರಲ್ರಿ ಬಾಜೂಕ" ಎಂದೆ.

ಮಗ ಬಾಜೂಕ್ಕೇ ಕುಳಿತಿದ್ದ. ಉಗುರು ನೋಡಿಕೊಳ್ಳುತ್ತಿದ್ದ. ಯಾರೋ ಪರವೂರಿನವರ ಜಗಳಕ್ಕೆ ಸಾಕ್ಷಿ ಹೇಳಲು ಕರೆದಂತಿತ್ತು ಅವನ ಮುಖ.

"ಅವಗ ಏನೂ ಆಗೂದಿಲ್ಲ. ಅಂವಾ ಸಮುದ್ರಾನ ಗೆದ್ದಾನ" ಎಂದಳು ಕಾಶವ್ವ. "ಹಂಗಾರ ಒಂದ ಕೆಲಸ ಮಾಡೂಣು. ಮುಂಬೈಕ ರೈಲಿನ್ಯಾಗ ಹೋಗೂದು ಬ್ಯಾಡ. ಪಣಜಿಯಿಂದ ಮಂದಿನ್ನ ಒಯ್ಯೂ ಆಗಬೋಟಿ ಹೋಗತೈತಲ್ಲ, ಅದರಾಗ ಹೋಗೂಣು. ನಾನೂ ಬರ್ತೀನಿ, ನೀವೂ ಬರ್ರಿ. ಮುಂಬೈ ಮುಟ್ಟೂತನಾ ಈಕಿ ವಾಂತಿ ಮಾಡಲಿಲ್ಲಂದ್ರ ಹಡಗ ಹತ್ತಲಿ. ಮಾಡಿದ್ರ ನನ್ನ ಜೋಡಿ ತಿರಗಿ ಹಿಂದವಾಡಿಗಿ. ವಾಂತಿ ಮಾಡಿದವರು ಹಡಗ ಹತ್ತೂದಿಲ್ಲ. ಲಿಂಗದಾಣಿ ಮಾಡಿ ಹೇಳ್ತೀನಿ."

ಹೇಳಿ, ಕೊರಳಲ್ಲಿದ್ದ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿದಳು. ನಮ್ಮಲ್ಲಿ ಲಿಂಗ ಮುಟ್ಟಿ ಆಡಿದ ಮಾತನ್ನು ತಿರುವಲು ಬರುವುದಿಲ್ಲ. ತಿರುವಿದವರ ಮನೆಯಲ್ಲಿ ಜನ ನೀರು ಕುಡಿಯುವುದಿಲ್ಲ. ಕಾಶವ್ವನಿಗೆ ಅದು ಗೊತ್ತಿತ್ತು. ಮೇ ಕೊನೆಗೆ ಗಾಳಿ ಎದ್ದು ಸಮುದ್ರ ಕುದಿಯುತ್ತದೆ, ಮಳೆಗಾಲ ಹಿಡಿಯಿತೆಂದರೆ ಆಗಬೋಟಿಯನ್ನೇ ನಿಲ್ಲಿಸುತ್ತಾರೆ ಎಂಬುದೂ ಗೊತ್ತಿತ್ತು. ಕಾಳಜಿ ಅಂದರೆ ಇಂಥ ಕಾಳಜಿ ಇರಬೇಕು.

ನಾನು ಈರಣ್ಣನ ಕಡೆ ತಿರುಗಿದೆ. "ಏನಂತೀರಿ ಅಳಿಯಂದಿರು?"

"ಅವ್ವ ಹೇಳಿದ್ದು ಬರೋಬ್ಬರಿ ಐತ್ರಿ" ಎಂದ. ಮೀಸೆ ಸುಮ್ಮನೆ ಇಟ್ಟುಕೊಂಡಿದ್ದ, ಉಪಯೋಗವಿರಲಿಲ್ಲ.

ಹೊರಡುವವರೆಗೆ ತವರಲ್ಲಿರಲಿ ಎಂದು ಹೇಳಿ ಕಾಂತಾಳನ್ನು ಖಾನಾಪುರಕ್ಕೆ ಕರೆತಂದೆ. ವಾಂತಿ ನಿಲ್ಲಿಸುವ ಉಪಾಯ ಹೇಳಲು ಓಣಿಗೆ ಓಣಿಯೇ ಬಂದಿತು. ಜನ್ಮದಲ್ಲಿ ಒಮ್ಮೆಯೂ ಸಮುದ್ರ ಕಾಣದವರೇ ಹೆಚ್ಚು ಹೇಳಿದರು. ಹೊಟ್ಟೆಯ ಮೇಲೆ ಪೇಪರು ಕಟ್ಟಿಕೊಳ್ಳಬೇಕಂತೆ. ನಾಲಿಗೆಯ ಕೆಳಗೆ ತಾಮ್ರದ ಬಿಲ್ಲೆ ಇಟ್ಟುಕೊಳ್ಳಬೇಕಂತೆ. ಕುಪ್ಪಸದಲ್ಲಿ ಉಳ್ಳಾಗಡ್ಡಿ. ಒಬ್ಬಳಂತೂ ಊರ ಬಾವಿಯ ನೀರನ್ನು ಬಾಟಲಿಯಲ್ಲಿ ಒಯ್ದು ಸಮುದ್ರಕ್ಕೆ ಸುರಿದರೆ ಸಮುದ್ರ ಪರಿಚಯ ಹಿಡಿಯುತ್ತದೆ ಎಂದಳು. ಎಲ್ಲರಿಗೂ ಹೌದು ಹೌದು ಅಂದು ಕಳಿಸಿದೆ.

ಆಮೇಲೆ ನಾವಿಬ್ಬರೇ ಕೆಲಸಕ್ಕೆ ಇಳಿದೆವು. ಖಾನಾಪುರದಿಂದ ಲೋಂಡಾಕ್ಕೆ ಹೋಗುವ ಬಸ್ಸು ಕಾಡಿನ ರಸ್ತೆಯಲ್ಲಿ ಹೊರಳಾಡಿಕೊಂಡೇ ಹೋಗುತ್ತಿತ್ತು. ಅದನ್ನೇ ನಮ್ಮ ಸಮುದ್ರ ಮಾಡಿಕೊಂಡೆವು. ಮೊದಲ ದಿನ ಹಿಂದಿನ ಸೀಟಿನಲ್ಲಿ ಕುಳಿತಳು, ಅರ್ಧ ದಾರಿಗೇ ಕಾರಿಕೊಂಡಳು. ಮರುದಿನ ಉಪವಾಸ ಕರೆದೊಯ್ದೆ, ಹಸಿದ ಹೊಟ್ಟೆ ಇನ್ನೂ ಕೆಟ್ಟದ್ದು, ಹಳದಿ ಪಿತ್ತ ಬಿತ್ತು. ಹೊಟ್ಟೆ ತುಂಬ ಉಣಿಸಿ ಒಯ್ದ ದಿನದ ಸುದ್ದಿ ಹೇಳುವುದು ಬೇಡ. ಬರಬರುತ್ತ ತಿಳಿಯಿತು. ಚಾಲಕನ ಹಿಂದಿನ ಸೀಟು, ಮುಖಕ್ಕೆ ಗಾಳಿ, ಕಣ್ಣು ದೂರದ ಮರದ ತುದಿಯ ಮೇಲೆ. ಬಾಜೂಕಿನವರು ವಾಂತಿ ಮಾಡಿದರೆ ಆ ಕಡೆ ತಿರುಗಬಾರದು. ಹೊರಡುವ ಮೊದಲು ಅರ್ಧ ಖಡಕ್ ರೊಟ್ಟಿ, ದಾರಿಯಲ್ಲಿ ಆಗಾಗ ಒಂದೊಂದು ಚೂರು, ನಡುವೆ ಒಣ ಶುಂಠಿ. ಎಣ್ಣೆ, ತುಪ್ಪ, ಸಿಹಿ ಮುಟ್ಟಬಾರದು. ಹೀಗೆ ಹತ್ತಾರು ಸಲ ಹೋಗಿ ಬಂದ ಮೇಲೆ ಒಂದು ದಿನ ಲೋಂಡಾ ಸ್ಟ್ಯಾಂಡಿನಲ್ಲಿ ಇಳಿದು ನಕ್ಕಳು. ಏನೂ ಆಗಿರಲಿಲ್ಲ. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತು ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಎದುರು ಮನೆಯ ಮಾಯಕ್ಕ ತನ್ನ ಕೆಲಸ ಮಾಡಿದ್ದಳು. ಆರಂಭದ ದಿನಗಳಲ್ಲಿ ಕಾಂತಾ ಬಸ್ ಸ್ಟ್ಯಾಂಡಿನಲ್ಲಿ ವಾಂತಿ ಮಾಡಿದ್ದನ್ನು ಆ ಹೆಂಗಸು ಕಂಡಿದ್ದಳು. ಹೊಸದಾಗಿ ಮದುವೆಯಾದ ಹುಡುಗಿ, ಗಂಡ ರಜೆಗೆ ಬಂದಿದ್ದಾನೆ, ವಾಂತಿ. ಇನ್ನೇನು ಬೇಕು? ಸುದ್ದಿ ಹಿಂದವಾಡಿಗೆ ಬಸ್ಸಿಗಿಂತ ಮುಂಚೆ ಮುಟ್ಟಿತು. ಕಾಶವ್ವ ಹಸಿರು ಕುಪ್ಪಸದ ಖಣ, ಕಾಯಿ, ಬಳೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಮುಖದಲ್ಲಿ ಹಬ್ಬ.

"ಬಸರಿ ಹೆಂಗಸು ಸಮುದ್ರ ದಾಟಬಾರದ್ರಿ. ದೇವರ ನಡಸಿಕೊಟ್ಟ. ಇನ್ನ ಆಗಬೋಟಿ ಮಾತ ಬಿಡೂಣು."

"ಯಾರ್ರಿ ಬಸರಿ?" ಎಂದೆ. "ಮೊನ್ನಿನ ತಲಿಮ್ಯಾಲೆ ನೀರ ಹಾಕ್ಕೊಂಡಾಳ. ಬಸ್ಸಿನ ವಾಂತಿ ಅದು. ಅದೂ ಈಗಿಲ್ಲ."

ಹಬ್ಬ ಇಳಿಯಿತು. ಚಹಾ ಕುಡಿದಳು, ಎದ್ದಳು. ಹೋಗುವಾಗ ಖಣ, ಕಾಯಿ, ಬಳೆ ಎಲ್ಲ ತಿರುಗಿ ಚೀಲಕ್ಕೆ ಹಾಕಿಕೊಂಡಳು. ತಂದ ಕಾಯಿಯನ್ನು ಬಾಗಿಲಿನಿಂದ ವಾಪಸು ಒಯ್ದ ಬೀಗತಿಯನ್ನು ಖಾನಾಪುರ ತಾಲೂಕಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ಈರಣ್ಣನೂ ಒಮ್ಮೆ ಬಂದು ಹೋದ. ನಮ್ಮ ಮನೆಯವರು ಕಟ್ಟೆಯ ಮೇಲೆ ಕೂಡಿಸಿಕೊಂಡು ಸಮುದ್ರದ ಕತೆ ಕೇಳಿದರು. ಅವ್ವ ಇಲ್ಲದ ಕಡೆ ಅವನಿಗೆ ಬಾಯಿ ಬರುತ್ತಿತ್ತು. ಎರಡು ಅಂತಸ್ತಿನ ಮನೆಯಷ್ಟು ಎತ್ತರದ ತೆರೆ, ಹಡಗೆಲ್ಲ ಹೊಯ್ದಾಟ, ಎಲ್ಲರೂ ಮಲಗಿಬಿಟ್ಟಿದ್ದಾರೆ, ತಾನೊಬ್ಬನೇ ಯಂತ್ರದ ಮುಂದೆ ನಿಂತಿದ್ದೇನೆ ಎಂದು ಹೇಳಿದ. ಭಟ್ಟಿಯ ಆಳುಗಳೂ ಕೆಲಸ ಬಿಟ್ಟು ಬಂದು ಕೇಳಿದರು.

ಕಾಂತಾ ಬಾಗಿಲ ಮರೆಯಿಂದ ಕೇಳಿದಳು. "ನಿಮಗ ಓಕರಿಕಿ ಬರೂದಿಲ್ಲೇನ್ರಿ? ಹೆಂಗ ತಡಕೋತೀರಿ?"

"ಅದಕ್ಕ ಮನಸಿನ ಬಲ ಬೇಕು" ಎಂದ ಮೀಸೆಯ ಮೇಲೆ ಬೆರಳಾಡಿಸುತ್ತ. "ಗಂಡಸರಿಗಿ ಅದು ಹುಟ್ಟಿಂದ ಬಂದಿರತೈತಿ."

ಅದನ್ನು ಕೇಳಿ ಕಾಂತಾ ತಲೆ ತಗ್ಗಿಸಿದಳು. ತನ್ನಲ್ಲೇ ಏನೋ ಕಡಿಮೆ ಇದೆ ಎಂದು ಆ ಹುಡುಗಿ ಖರೇ ಖರೇ ನಂಬಿದಳು. ಅವತ್ತು ರಾತ್ರಿ ನನಗೆ ಊಟ ರುಚಿಸಲಿಲ್ಲ.

ಹೊರಡುವ ದಿನ ಬಂತು. ಲೋಂಡಾದಲ್ಲಿ ಗಾಡಿ ಬದಲಿಸಿ ಗೋವೆಗೆ ಹೋದೆವು. ಪಣಜಿಯ ಒಂದು ಲಾಡ್ಜಿನಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಆಗಬೋಟಿ.

ಇಲ್ಲಿ ಕಾಶವ್ವನ ಮನೆಯ ಪದ್ಧತಿ ಒಂದನ್ನು ಹೇಳಬೇಕು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಬಾರದು, ಅದು ನಮ್ಮೆಲ್ಲರಲ್ಲೂ ಇದೆ. ಆದರೆ ಅವಳ ಮನೆಯಲ್ಲಿ ಅತ್ತೆಯ ಪೂಜೆ ಮುಗಿಯದೆ ಸೊಸೆ ಪೂಜೆಗೆ ಕೂಡುವಂತಿಲ್ಲ. ಅಂದರೆ ಅತ್ತೆ ಎದ್ದು ಸ್ನಾನ ಮಾಡಿ ಪೂಜೆ ಮುಗಿಸುವವರೆಗೆ ಸೊಸೆಗೆ ಹನಿ ನೀರಿಲ್ಲ. ದಿನಾ ಕೋಳಿ ಕೂಗುವ ಮೊದಲು ಏಳುವ ಕಾಶವ್ವ ಅವತ್ತು ಬಿಸಿಲು ಮುಖಕ್ಕೆ ಬಿದ್ದರೂ ಹೊದ್ದುಕೊಂಡೇ ಮಲಗಿದ್ದಳು.

"ಇವತ್ತ ಪೂಜಿ ಆಗಬೋಟಿ ಮ್ಯಾಲೆ ಮಾಡ್ತೀನಿ, ಸಮುದ್ರದ ಮುಂದ" ಎಂದಳು ಕಣ್ಣು ತೆರೆಯದೆ.

ಕಾಂತಾಳನ್ನು ಖಾಲಿ ಹೊಟ್ಟೆಯಲ್ಲಿ ಹತ್ತಿಸುವ ಹುನ್ನಾರ. ಲೋಂಡಾ ಬಸ್ಸಿನಲ್ಲಿ ನಾವು ಕಲಿತದ್ದನ್ನು ಈ ಹೆಂಗಸು ಎಲ್ಲಿ ಕಲಿತಳೋ, ಕೆಟ್ಟ ಬುದ್ಧಿಗೆ ಶಾಲೆ ಬೇಕಿಲ್ಲ. ಕಾಂತಾಳನ್ನು ಹೊರಗೆ ಕರೆದು ಹೇಳಿದೆ. "ನೋಡವಾ, ಹಸದ ಹೊಟ್ಟಿಲೆ ಹತ್ತಿದಿ ಅಂದ್ರ ಮುಗೀತು. ನಿನ್ನ ಲಿಂಗ ನಿನ್ನ ಕೊರಳಾಗ ಐತಿ, ಅತ್ತಿ ಕೊರಳಾಗ ಇಲ್ಲ."

ಅವಳು ಸ್ನಾನ ಮಾಡಿ ಬಂದು ಲಾಡ್ಜಿನ ಹಿಂದಿನ ಪಡಸಾಲೆಯಲ್ಲಿ ಕುಳಿತಳು. ವಿಭೂತಿ ಹಚ್ಚಿಕೊಂಡು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೆಮ್ಮದಿಯಾಗಿ ಪೂಜೆ ಮಾಡಿದಳು. ಅರ್ಧ ರೊಟ್ಟಿ ಮುರಿದು ತಿಂದಳು. ಕಾಶವ್ವ ಎದ್ದು ಬಂದು ನೋಡುವಾಗ ಕೊನೆಯ ತುತ್ತು ಬಾಯಲ್ಲಿತ್ತು.

"ನನಗಿಂತ ಮೊದಲ ಬಾಯಾಗ ಹಾಕ್ಕೊಂಡಿ?"

"ಪೂಜಿ ಮಾಡೇ ತಿಂದೇನ್ರಿ" ಎಂದಳು ಕಾಂತಾ. ಅವಳು ಅತ್ತೆಗೆ ತಿರುಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗಬೋಟಿಯ ಮೇಲಟ್ಟದಲ್ಲಿ ಬಾಕಿನ ಮೇಲೆ ಜಾಗ ಹಿಡಿದೆವು. ಕಾಂತಾಳನ್ನು ದಂಡೆ ಕಾಣುವ ಕಡೆಗೆ ಕೂಡಿಸಿದೆ. ಕಾಶವ್ವ ಎದುರಿಗೆ ಕುಳಿತಳು. ತತ್ತಿಯ ಮೇಲೆ ಕುಳಿತ ಕೋಳಿಯ ಹಾಗೆ ಕಣ್ಣು ಕದಲಿಸಲಿಲ್ಲ. ನದಿಯ ಬಾಯಿ ದಾಟಿ ಸಮುದ್ರಕ್ಕೆ ಬಂದದ್ದೇ ಆಗಬೋಟಿ ಮೇಲೆ ಕೆಳಗೆ ಮಾಡತೊಡಗಿತು. ಜನರ ಮುಖಗಳು ಒಂದೊಂದಾಗಿ ಬಾಡಿದವು. ಮದುವೆಗೆ ಹೊರಟ ಒಂದು ಮರಾಠಿ ಬಳಗ ಹಾಡು ಶುರು ಮಾಡಿದ್ದು ಎರಡನೆಯ ನುಡಿಗೇ ನಿಲ್ಲಿಸಿ ಅಂಚಿನ ಸರಳಿನ ಕಠಡಾಕ್ಕೆ ಓಡಿತು. ನನಗೂ ತಲೆ ಗಿರ್ರೆಂದಿತು. ಶುಂಠಿ ಕಚ್ಚಿಕೊಂಡು ಕುಳಿತೆ.

ಕಾಂತಾ ದೂರದ ಗುಡ್ಡದ ಸಾಲಿನ ಮೇಲೆ ಕಣ್ಣಿಟ್ಟಿದ್ದಳು. ಸೀರೆಯ ಗಂಟಿನಿಂದ ರೊಟ್ಟಿಯ ಚೂರು ತೆಗೆದು ಬಾಯಿಗೆ ಹಾಕಿ, ಅಗಿದು ಅಗಿದು ನುಂಗುತ್ತಿದ್ದಳು.

ಕಾಶವ್ವ ಹೊಯ್ದಾಡುವ ಹಲಗೆಯ ಮೇಲೆ ಮಣೆ ಹಾಕಿದಂತೆ ಗಟ್ಟಿಯಾಗಿ ಕುಳಿತು ಪೂಜೆ ಮಾಡಿದಳು. ಒಂದು ಹನಿ ನೀರು ಚೆಲ್ಲಲಿಲ್ಲ. ಬೆಳಗಾವಿಯಿಂದ ತಂದ ಕುಂದಾದ ಸ್ಟೀಲ್ ಡಬ್ಬಿ ತೆಗೆದು ಲಿಂಗಕ್ಕೆ ತೋರಿಸಿದಳು. ಆಮೇಲೆ ತುಪ್ಪ ಒಸರುವ ದೊಡ್ಡದೊಂದು ಉಂಡೆ ಕಟ್ಟಿ ಕಾಂತಾಳ ಕೈಗೆ ಹಿಡಿಸಿದಳು.

"ಪ್ರಸಾದ" ಎಂದಳು.

ಪ್ರಸಾದವನ್ನು ಒಲ್ಲೆ ಅನ್ನುವ ಹಾಗಿಲ್ಲ, ಕೆಳಗೆ ಇಡುವ ಹಾಗಿಲ್ಲ, ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಕಾಶವ್ವ ಶಿವನನ್ನೇ ತನ್ನ ಕೆಲಸಕ್ಕೆ ಹಚ್ಚಿದ್ದಳು. ಕಾಂತಾ ನನ್ನ ಮುಖ ನೋಡಿದಳು. ಅವಳು ಅದನ್ನು ಹಣೆಗೆ ಒತ್ತಿಕೊಂಡು ತಿಂದಳು. ಉಳಿದದ್ದನ್ನು ಕಾಶವ್ವ ಡಬ್ಬಿ ಬಳಿದು ತಾನೇ ತಿಂದು ತೇಗಿದಳು.

ಅಲ್ಲಿಂದ ಮುಂದೆ ಕಾಂತಾ ಪಟ್ಟ ಪಾಡು ನನಗೇ ಗೊತ್ತು. ಮುಖ ಹುಣಸೆ ಹಚ್ಚಿ ತೊಳೆದ ಪಾತ್ರೆಯಂತೆ ಬಿಳಿಚಿತು. ತುಟಿ ಬಿಗಿಹಿಡಿದು, ಬಾಕಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಗುಡ್ಡದ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಗಂಟಲಿಗೆ ಬಂದದ್ದನ್ನು ತಿರುಗಿ ನುಂಗುವುದು ಕಾಣುತ್ತಿತ್ತು. ಕಾಶವ್ವನೂ ನೋಡುತ್ತಿದ್ದಳು. "ಮಾಡಿಬಿಡವಾ, ಹಗುರ ಆಗತೈತಿ" ಎಂದು ನಡುನಡುವೆ ಪ್ರೀತಿಯಿಂದ ಹೇಳುತ್ತಿದ್ದಳು.

ಗಂಡ ಎಲ್ಲಿದ್ದಾನೆ? ಹೆಂಡತಿಯ ಬಾಳು ಗಂಟಲಲ್ಲಿ ನಿಂತಿರುವಾಗ ಸಮುದ್ರ ಗೆದ್ದ ಗಂಡಸು ಬಹಳ ಹೊತ್ತಿನಿಂದ ಕಾಣುತ್ತಿರಲಿಲ್ಲ. ಯಂತ್ರ ನೋಡಿ ಬರುತ್ತೇನೆ ಎಂದು ಹೋದವನು ಮಧ್ಯಾಹ್ನವಾದರೂ ಬಂದಿರಲಿಲ್ಲ. ಅವನನ್ನು ಹಿಡಿದು ತಂದು ಹೆಂಡತಿಯ ಬಾಜೂಕ್ಕೆ ಕೂಡಿಸೋಣ, ಕೈಯನ್ನಾದರೂ ಹಿಡಿದುಕೊಳ್ಳಲಿ ಎಂದು ಎದ್ದೆ. ಕಂಬ ಕಂಬ ಹಿಡಿದುಕೊಂಡು ಹಿಂಬದಿಗೆ ಹೋದೆ.

ದಪ್ಪ ಹಗ್ಗಗಳ ಸುರುಳಿಗಳಿದ್ದವು. ಅವುಗಳ ಹಿಂದೆ ಮೊಣಕಾಲೂರಿ ಕುಳಿತು, ಒಂದು ಬಕೆಟನ್ನು ಎರಡೂ ಕೈಯಿಂದ ತಬ್ಬಿಕೊಂಡು, ನಮ್ಮ ಅಳಿಯ ಕರುಳು ಹೊರಗೆ ಬರುವ ಹಾಗೆ ವಾಂತಿ ಮಾಡುತ್ತಿದ್ದ. ಮೀಸೆ ತೊಯ್ದು ತುಟಿಗೆ ಅಂಟಿತ್ತು. ಪರದೇಶದ ಗಡಿಯಾರವೂ ತೊಯ್ದಿತ್ತು.

ಮದುವೆಯಾದಾಗಿನಿಂದ ಅವನಿಗೆ ನೀವು ತಾವು ಎಂದು ಆಡುತ್ತಿದ್ದೆ. ಅವತ್ತು ಬಾಯಿ ತಾನಾಗಿ ಇಳಿಯಿತು.

"ಏನೋ ಇದು?"

ತಲೆ ಎತ್ತಿದ. ಕಣ್ಣಲ್ಲಿ ನೀರು. "ಅವ್ವಗ ಹೇಳಬ್ಯಾಡ್ರಿ ದೊಡ್ಡವ್ವಾರ. ನಿಮ್ಮ ಕಾಲ ಬೀಳ್ತೀನಿ."

"ಎಂದಿನಿಂದ ಐತಿದು?"

"ಪ್ರತೀ ಸಲಾ ಹಿಂಗ ರೀ. ರಜಾ ಮುಗಿಸಿ ಹಡಗ ಹತ್ತಿದಾಗ ಮೊದಲ ಎರಡ ಮೂರ ದಿವಸ. ಆಮ್ಯಾಲೆ ತಾನ ಸರಿ ಆಗತೈತಿ. ನನಗೊಬ್ಬಗ ಅಲ್ಲ, ಭಾಳ ಮಂದಿಗಿ ಹಿಂಗನ. ಬಾಜೂಕ ಬಕೆಟ್ ಇಟಗೊಂಡ ಕೆಲಸಾ ಮಾಡ್ತೀವಿ. ಅದರಾಗ ಏನೂ ದೊಡ್ಡ ಮಾತಿಲ್ರಿ."

ದೊಡ್ಡ ಮಾತಿಲ್ಲ. ನಾನು ಕಂಬ ಹಿಡಿದುಕೊಂಡೇ ನಿಂತೆ. ಒಂದು ತಿಂಗಳು ಹುಡುಗಿ ಲೋಂಡಾ ಬಸ್ಸಿನಲ್ಲಿ ಪಿತ್ತ ಕಾರಿದ್ದು ಈ ದೊಡ್ಡದಲ್ಲದ ಮಾತಿಗೆ. ವಾಂತಿಯಾದರೆ ಯಾರೂ ಸಾಯುವುದಿಲ್ಲ, ಮೂರು ದಿನಕ್ಕೆ ನಿಲ್ಲುತ್ತದೆ, ಎಂದು ಹಿಂದವಾಡಿಯಲ್ಲಿ ಅವತ್ತು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಉಗುರು ನೋಡುತ್ತ ಕುಳಿತ. ನಮ್ಮ ಕಟ್ಟೆಯ ಮೇಲೆ ಕುಳಿತು ಮನಸಿನ ಬಲ ಎಂದ. ಹುಡುಗಿ ತಲೆ ತಗ್ಗಿಸುವುದನ್ನು ನೋಡಿ ಮೀಸೆ ತಿರುವಿದ. ಊರಲ್ಲಿ ಹೇಡಿಗಳನ್ನು ಕಂಡಿದ್ದೇನೆ, ನಾಯಿ ಬೊಗಳಿದರೆ ಬಾಗಿಲು ಹಾಕಿಕೊಳ್ಳುವವರನ್ನು ಕಂಡಿದ್ದೇನೆ. ಹೆಂಡತಿಯನ್ನು ಹೌದಿಗೆ ಕಟ್ಟಿಹಾಕುವುದಾದರೂ ಸರಿ, ಅವ್ವನ ಮುಂದೆ ಹುಲಿಯಾಗಿ ಕಾಣಬೇಕು ಎಂಬ ಇಂಥದೊಂದು ಪ್ರಾಣಿಯನ್ನು ಕಂಡಿರಲಿಲ್ಲ.

"ಥೂ ನಿನ್ನ" ಎಂದೆ. ಇನ್ನೂ ಬಹಳ ಅನ್ನುವುದಿತ್ತು. ಹಿಂದೆ ಬಳೆಯ ಸಪ್ಪಳವಾಯಿತು.

ಕಾಂತಾ ನಿಂತಿದ್ದಳು. ನಾನು ತಡ ಮಾಡಿದ್ದಕ್ಕೆ ಗಂಡನಿಗೇನಾಯಿತೋ ಎಂದು ಎದ್ದು ಬಂದಿದ್ದಳು. ಒಂದು ಕೈಯಲ್ಲಿ ಕಬ್ಬಿಣದ ಸರಳು, ಇನ್ನೊಂದು ಕೈಯಲ್ಲಿ ಅವನಿಗಾಗಿ ತಂದ ರೊಟ್ಟಿಯ ಚೂರು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳಿತು.

ಬೈಯಲಿಲ್ಲ, ಅಳಲಿಲ್ಲ. ಅವನನ್ನೂ ಬಕೆಟನ್ನೂ ನೋಡಿದಳು. ಅವನ ಕೈಯಲ್ಲಿ ರೊಟ್ಟಿಯ ಚೂರು ಇಟ್ಟಳು.

"ಸಣ್ಣ ಸಣ್ಣ ಮಾಡಿ ತಿನ್ರಿ. ದೂರ ನೋಡ್ರಿ" ಎಂದಳು. ಆಮೇಲೆ, "ನಮ್ಮ ಹಿಂದ ಬರ್ರಿ" ಎಂದಳು. ಅವಳ ದನಿ ಕೇಳಿ ಅವನು ಎದ್ದ. ಬಕೆಟನ್ನು ಬಿಡಲಿಲ್ಲ.

ಮೂವರೂ ಬಾಕಿನ ಹತ್ತಿರ ಬಂದೆವು. ಕಾಶವ್ವ ಅಷ್ಟೂ ಜನ ಬಿದ್ದು ಹೊರಳುವ ನಡುವೆ ಒಬ್ಬಳೇ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಳು. ಕಾಂತಾ ಅವಳ ಮುಂದೆ ಕುಳಿತು ಖಾಲಿಯಾದ ಕುಂದಾದ ಡಬ್ಬಿಯನ್ನು ಕೈಗೆತ್ತಿಕೊಂಡಳು. ಮುಚ್ಚಳ ತೆಗೆದಳು. ಬೆಳಗಿನಿಂದ ಹಲ್ಲು ಕಚ್ಚಿ ತಡೆದು ಹಿಡಿದದ್ದನ್ನು, ಗಂಡನೇ ಕಾರಿದ ಮೇಲೆ ಇನ್ನು ಯಾರ ಆಣೆಗೆ ತಡೆಯುವುದು ಎಂಬಂತೆ, ಬಿಟ್ಟುಬಿಟ್ಟಳು. ಪ್ರಸಾದ ಹೊಟ್ಟೆಯಲ್ಲಿ ನಿಲ್ಲಬೇಕಾದರೆ ಕೊಟ್ಟವರ ಮನಸ್ಸು ನೆಟ್ಟಗಿರಬೇಕು. ಎಲ್ಲ ಆದ ಮೇಲೆ ಬಾಯಿ ಒರೆಸಿಕೊಂಡಳು, ಡಬ್ಬಿಯ ಮುಚ್ಚಳ ಹಾಕಿ ಒತ್ತಿದಳು, ಅತ್ತೆಯ ಮುಂದೆ ಇಟ್ಟಳು.

ಕಾಶವ್ವನ ಮುಖ ಅರಳಿತು. "ನಾ ಹೇಳಿದ್ದಿಲ್ಲೇನ? ನಡಿ ಹಂಗಾರ ಮನಿಗಿ."

"ಹೂನ್ರಿ. ಹೋಗೂಣು" ಎಂದಳು ಕಾಂತಾ. "ಆದ್ರ ವಾಂತಿ ಮಾಡಿದವರು ಹಡಗ ಹತ್ತೂದಿಲ್ಲ ಅಂತ ಲಿಂಗ ಮುಟ್ಟಿ ಅಂದೀರಿ. ನಿಮ್ಮ ಮಗನೂ ಮಾಡ್ಯಾರ. ಹೋದ್ರ ಇಬ್ರೂ ಹಡಗಿಗಿ ಹೋಗತೀವಿ. ಇಲ್ಲಂದ್ರ ಇಬ್ರೂ ಹಿಂದವಾಡಿಗಿ ಬರ್ತೀವಿ. ಅವರೂ ನೌಕರಿ ಬಿಟ್ಟ ಹೌದಿನ ನೀರ ಸೇದಲಿ."

"ನನ್ನ ಮಗಾ? ಸುಳ್ಳ ಬೊಗಳಬ್ಯಾಡ."

ಕಾಂತಾ ಗಂಡನ ಕಡೆ ತಿರುಗಲೂ ಇಲ್ಲ. ಕಾಶವ್ವ ತಿರುಗಿದಳು. ಬ್ರಾಹ್ಮಣರ ಗಲ್ಲಿಯಿಂದ ಹಿಡಿದು ಖಡೇಬಜಾರದ ಅಂಗಡಿಯವರೆಗೆ ಇವಳು ಹೇಳಿಕೊಂಡು ತಿರುಗಿದ್ದ ಸಮುದ್ರ ಗೆದ್ದ ಮಗ ಎದುರಿಗೆ ಬಕೆಟ್ ಹಿಡಿದು ನಿಂತಿದ್ದ.

"ಲಿಂಗಾ ಮುಟ್ಟಿ ಹೇಳು" ಎಂದಳು.

ಅವನ ಕೈ ಅಂಗಿಯ ಮೇಲೆ ಹೋಯಿತು, ಲಿಂಗ ಇದ್ದ ಜಾಗದಲ್ಲಿ ನಿಂತಿತು. ಬಾಯಿ ತೆರೆದ. ಮಾತಿಗಿಂತ ಮೊದಲು ಇನ್ನೊಂದು ಬಂತು. ಬಕೆಟಿನೊಳಗೆ ತಲೆ ಹಾಕಿದ.

ಕಾಶವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮಗ ನೌಕರಿ ಬಿಟ್ಟು ಬಂದರೆ ಹಿಂದವಾಡಿಯಲ್ಲಿ ಮುಖ ಎತ್ತುವಂತಿಲ್ಲ. ಲಿಂಗದಾಣೆಯನ್ನು ಒಬ್ಬಳಿಗೆ ಹಿಡಿದು ಇನ್ನೊಬ್ಬನಿಗೆ ಬಿಡುವಂತಿಲ್ಲ, ಸುತ್ತ ಕುಳಿತವರೆಲ್ಲ ತಮ್ಮ ತಲೆಸುತ್ತು ಮರೆತು ಕೇಳುತ್ತಿದ್ದರು. ಲೆಕ್ಕ ಹಾಕಿ ಹಾಕಿ, ಸೋತಲ್ಲೂ ಒಂದು ಲಾಭ ಹುಡುಕಿ ತೆಗೆದಳು.

"ಆಣಿ ನಾನ ಮಾಡೇನಿ, ನಾನ ಬಿಡತೀನಿ. ತಪ್ಪ ದಂಡಾ ಮಠಕ್ಕ ಕೊಡ್ತೀನಿ" ಎಂದಳು. "ಹೋಗವಾ, ನೀನೂ ಹೋಗು. ಪಾಪ, ಅವಗ ಇಷ್ಟ ತ್ರಾಸ ಇದ್ರ ಒಬ್ರು ಬೇಕ ಬೇಕು. ಬಕೆಟ್ ತೊಳೀಲಿಕ್ಕೆ ಆಗತೈತಿ."

ಈರಣ್ಣ ಬಕೆಟಿನೊಳಗಿನಿಂದಲೇ ತಲೆ ಅಲ್ಲಾಡಿಸಿದ. ಅವ್ವ ಹೇಳಿದ್ದು ಅವನಿಗೆ ಈಗಲೂ ಬರೋಬ್ಬರಿ ಕಂಡಿತು.

ಕಾಂತಾ ಎದ್ದು ನಿಂತಳು. ಆಗಬೋಟಿ ಒಂದು ಕಡೆ ವಾಲಿತು, ಅವಳು ಕಾಲು ಅಗಲಿಸಿ ತಡೆದುಕೊಂಡಳು. ಡಬ್ಬಿ ಎತ್ತಿ ಗಂಡನ ಮುಂದೆ ಹಿಡಿದಳು.

"ಇಷ್ಟ ವರ್ಷ ಬಕೆಟ್ ನೀವ ತೊಳಕೊಂಡೀರಿ. ಇನ್ನ ಮ್ಯಾಲೂ ನಿಮ್ಮದು ನೀವ ತೊಳಕೋರಿ" ಎಂದಳು. "ಇವತ್ತ ಇದನ್ನೂ ತೊಳಕೊಂಡ ಬರ್ರಿ. ನಿಮ್ಮ ಅವ್ವನ ಡಬ್ಬಿ."

ಅವನು ಅವ್ವನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ನನ್ನ ಮುಖವನ್ನೂ ನೋಡಿದ, ನಾನು ಶುಂಠಿ ಅಗಿಯುತ್ತಿದ್ದೆ. ಆಮೇಲೆ ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದುಕೊಂಡು ನಳ ಇದ್ದ ಕಡೆಗೆ ಹೋದ.